ಸೈ ಓನ್: ರ್ಯೂಕ್ಯೂ ರಾಜ್ಯದ ಮಂತ್ರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೈ ಓನ್ ಯಾರು?

ಇವತ್ತಿನ ಓಕಿನಾವಾ ಒಂದು ಕಾಲದಲ್ಲಿ ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿತ್ತು. ಆ ರಾಜ್ಯದ ಅತಿ ಪ್ರಸಿದ್ಧ ಮಂತ್ರಿ ಸೈ ಓನ್. ಹುಟ್ಟಿದ್ದು 1682ರಲ್ಲಿ. ದುಭಾಷಿಯಾಗಿ ನೌಕರಿ ಶುರು ಮಾಡಿದ. ಆಮೇಲೆ ರಾಜನ ಗುರುವಾದ, ಕೊನೆಗೆ ಮೂವರು ಮುಖ್ಯಮಂತ್ರಿಗಳಲ್ಲಿ ಒಬ್ಬನಾದ. ಹೆಚ್ಚುಕಡಿಮೆ 40 ವರ್ಷ ಅವನ ಮಾತು ದರ್ಬಾರಿನಲ್ಲಿ ನಡೆಯಿತು.

ಯುದ್ಧ ಗೆದ್ದವನಲ್ಲ, ಹೊಸ ದ್ವೀಪ ಹಿಡಿದವನೂ ಅಲ್ಲ. ಮರ ಎಣಿಸಿದ, ಜಮೀನು ಅಳೆದ, ನದಿ ತಿದ್ದಿದ, ಖಜಾನೆಯ ಲೆಕ್ಕ ನೋಡಿದ. ಇಂಥ ಕೆಲಸ ಮಾಡಿದವರ ಕಥೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಆದರೆ ಓಕಿನಾವಾದಲ್ಲಿ ಅವನ ಹೆಸರಿನ ಸೇತುವೆಯೇ ಇದೆ.

ರ್ಯೂಕ್ಯೂ ಜಪಾನಿಗೆ ಸೇರಿತ್ತಾ, ಚೀನಾಕ್ಕೆ ಸೇರಿತ್ತಾ?

ಸೈ ಓನ್‌ನನ್ನು ಅರ್ಥ ಮಾಡಿಕೊಳ್ಳಲು ಮೊದಲು ಈ ಗಂಟು ಬಿಡಿಸಬೇಕು. ರಾಜ್ಯಕ್ಕೆ ತನ್ನದೇ ರಾಜನಿದ್ದ. ಶೂರಿ ಕೋಟೆ ಅವನ ರಾಜಧಾನಿ. ಚೀನಾದ ಚಕ್ರವರ್ತಿಗೆ ಎರಡು ವರ್ಷಕ್ಕೊಮ್ಮೆ ಕಪ್ಪ ಕಳಿಸಬೇಕಿತ್ತು. ಹೊಸ ರಾಜ ಪಟ್ಟಕ್ಕೆ ಬಂದರೆ ಚೀನಾದಿಂದ ದೊಡ್ಡ ನಿಯೋಗವೇ ಬಂದು ಮನ್ನಣೆಯ ಪತ್ರ ಕೊಟ್ಟು ಹೋಗುತ್ತಿತ್ತು.

ಇನ್ನೊಂದು ಕಡೆ, 1609ರಲ್ಲಿ ದಕ್ಷಿಣ ಜಪಾನಿನ ಸತ್ಸುಮಾ ಸಂಸ್ಥಾನ ಸುಮಾರು 3,000 ಸೈನಿಕರನ್ನು ಕಳಿಸಿ ರ್ಯೂಕ್ಯೂವನ್ನು ಸೋಲಿಸಿತ್ತು. ಉತ್ತರದ ಅಮಾಮಿ ದ್ವೀಪಗಳನ್ನು ಕಿತ್ತುಕೊಂಡಿತು, ಉಳಿದದ್ದರ ಮೇಲೆ ತೆರಿಗೆ ಹಾಕಿತು. ಆದರೆ ರಾಜನನ್ನು ಕೆಳಗಿಳಿಸಲಿಲ್ಲ. ಯಾಕೆ? ಚೀನಾ ಜೊತೆಗಿನ ವ್ಯಾಪಾರದ ಬಾಗಿಲು ರ್ಯೂಕ್ಯೂ. ಅದು ಮುಚ್ಚಿದರೆ ಸತ್ಸುಮಾಕ್ಕೇ ನಷ್ಟ. ಹಾಗಾಗಿ ಚೀನೀ ನಿಯೋಗ ಬಂದಾಗ ಸತ್ಸುಮಾದ ಅಧಿಕಾರಿಗಳು ನಾಹಾ ಬಂದರು ಬಿಟ್ಟು ಪಕ್ಕದ ಹಳ್ಳಿಯಲ್ಲಿ ಅಡಗಿ ಕೂರುತ್ತಿದ್ದರು. ಇಬ್ಬರು ಧಣಿಗಳು, ಅವರಲ್ಲಿ ಒಬ್ಬ ಇನ್ನೊಬ್ಬನ ಕಣ್ಣಿಗೆ ಬೀಳಬಾರದು! ಈ ನಾಟಕ 250 ವರ್ಷ ನಡೆಯಿತು. ಸೈ ಓನ್ ಹುಟ್ಟಿದ್ದು ಇದರ ನಟ್ಟನಡುವೆ.

ಹೆಸರು ಚೀನೀ ಥರ ಇದೆ. ಅವನು ಚೀನೀಯನಾ?

ಅವನ ಊರು ನಾಹಾ ಪಟ್ಟಣದ ಕುಮೆಮುರಾ. 14ನೇ ಶತಮಾನದ ಕೊನೆಯಲ್ಲಿ ಚೀನಾದ ಫುಜಿಯಾನ್ ಪ್ರಾಂತದಿಂದ 36 ಮನೆತನಗಳು ಬಂದು ಇಲ್ಲಿ ನೆಲೆಸಿದವು ಎಂದು ಹೇಳಿಕೆ. ಹಡಗು ನಡೆಸುವುದು, ಚೀನೀ ಭಾಷೆಯಲ್ಲಿ ಪತ್ರ ಬರೆಯುವುದು, ಕಪ್ಪದ ನಿಯೋಗಕ್ಕೆ ದುಭಾಷಿಗಳಾಗುವುದು ಅವರ ಕಸುಬು. ಸೈ ಮನೆತನ ಅವುಗಳಲ್ಲಿ ಒಂದು. ಸೈ ಓನ್ ಹುಟ್ಟುವ ಹೊತ್ತಿಗೆ ಅವರು ಅಲ್ಲಿನವರೇ ಆಗಿ 250 ವರ್ಷಕ್ಕೂ ಜಾಸ್ತಿ ಆಗಿತ್ತು. ಅವನು ರ್ಯೂಕ್ಯೂದವನೇ. ಆದರೆ ಮನೆಯಲ್ಲಿ ಚೀನೀ ವಿದ್ಯೆ ಇತ್ತು.

ಅಪ್ಪ ಸೈ ತಕು ಕೂಡ ದೊಡ್ಡ ವಿದ್ವಾಂಸ. ರಾಜ್ಯದ ಇತಿಹಾಸವನ್ನು ಚೀನೀ ಭಾಷೆಯಲ್ಲಿ ಬರೆದವನು ಅವನೇ. ಮುಂದೆ 1725ರಲ್ಲಿ ಮಗ ಅದನ್ನು ತಿದ್ದಿ ಹೊಸದಾಗಿ ಬರೆದ. ಅಪ್ಪ ಬರೆದದ್ದನ್ನು ಮಗ ತಿದ್ದುವುದು, ಅದೂ ಸರಕಾರಿ ಆಜ್ಞೆಯ ಮೇಲೆ!

ಕೆಲವು ಕಡೆ ಗುಶಿಚಾನ್ ವೇಕಾತಾ ಅಂತಲೂ ಬರೆದಿರುತ್ತಾರೆ. ಅದು ಬೇರೆಯವನಾ?

ಅಲ್ಲ, ಇವನೇ. ರ್ಯೂಕ್ಯೂದ ಕುಲೀನ ಅಧಿಕಾರಿಗೆ ಕನಿಷ್ಠ ಎರಡು ಹೆಸರು. ಚೀನಾ ಜೊತೆಗಿನ ವ್ಯವಹಾರಕ್ಕೆ ಚೀನೀ ಹೆಸರು. ಊರಿನೊಳಗೆ ಅವನಿಗೆ ಸಿಕ್ಕ ಜಹಗೀರಿನ ಹೆಸರು, ಅದರ ಮುಂದೆ ದರ್ಜೆ. ಗುಶಿಚಾನ್ ಅವನ ಜಹಗೀರು. ವೇಕಾತಾ ಅವನ ದರ್ಜೆ. ಜಹಗೀರು ಬದಲಾದರೆ ಹೆಸರೂ ಬದಲು. ಇತಿಹಾಸ ಓದುವವರಿಗೆ ತಲೆನೋವು.

ದರ್ಜೆಗಳು ಮೇಲಿಂದ ಕೆಳಕ್ಕೆ ಹೀಗೆ: ರಾಜಕುಮಾರರು, ಅವರ ಕೆಳಗೆ ಅಜಿ ಎಂಬ ದೊಡ್ಡ ಮನೆತನದವರು, ಆಮೇಲೆ ವೇಕಾತಾ, ಆಮೇಲೆ ಪೇಚಿನ್, ಅದರ ಕೆಳಗೆ ಸಣ್ಣಪುಟ್ಟವರು. ರಾಜವಂಶದ ರಕ್ತ ಇಲ್ಲದವನು ಏರಬಹುದಾದ ಕೊನೆಯ ಮೆಟ್ಟಿಲು ವೇಕಾತಾ. ಯಾರು ಯಾವ ದರ್ಜೆ ಎಂದು ತಲೆ ನೋಡಿದರೇ ಗೊತ್ತಾಗುತ್ತಿತ್ತು. ವೇಕಾತಾನ ಪೇಟ ನೇರಳೆ, ಪೇಚಿನ್‌ನದು ಹಳದಿ, ಇನ್ನೂ ಕೆಳಗಿನವರದು ಕೆಂಪು. ಕೂದಲಿಗೆ ಸಿಕ್ಕಿಸುವ ಕಡ್ಡಿ ಚಿನ್ನದ್ದೋ ಬೆಳ್ಳಿಯದೋ ಹಿತ್ತಾಳೆಯದೋ ಎನ್ನುವುದಕ್ಕೂ ಕಾನೂನು ಇತ್ತು. ಈ ಕೂದಲ ಕಡ್ಡಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಚಿಕ್ಕಂದಿನಲ್ಲೇ ಬುದ್ಧಿವಂತನಾ?

ಇಲ್ಲವೇ ಇಲ್ಲ. ಹಾಗಂತ ಅವನೇ ಬರೆದುಕೊಂಡಿದ್ದಾನೆ. ಆ ಕಾಲದ ಮಂತ್ರಿಯೊಬ್ಬ ಆತ್ಮಕಥೆ ಬರೆದದ್ದೇ ಅಪರೂಪ, ಅದರಲ್ಲಿ ತಾನು ದಡ್ಡನಾಗಿದ್ದೆ ಎಂದು ಬರೆದದ್ದು ಇನ್ನೂ ಅಪರೂಪ.

ಅವನ ಮಾತಿನ ಪ್ರಕಾರ, 16 ವರ್ಷ ಆಗುವವರೆಗೂ ಓದು ತಲೆಗೆ ಹತ್ತಲೇ ಇಲ್ಲ. ಆ ವರ್ಷ ಎಂಟನೇ ತಿಂಗಳ ಹುಣ್ಣಿಮೆ. ಹುಡುಗರೆಲ್ಲ ಚಂದ್ರನನ್ನು ನೋಡಲು ಸೇರಿದ್ದರು. ಮಾತಿಗೆ ಮಾತು ಬೆಳೆಯಿತು. ಇವನಿಗಿಂತ ಕೆಳಗಿನ ದರ್ಜೆಯ ಹುಡುಗನೊಬ್ಬ ಎಲ್ಲರ ಮುಂದೆ ಮೂದಲಿಸಿದ: ದೊಡ್ಡ ಮನೆಯಲ್ಲಿ ಹುಟ್ಟಿದೀಯ, ಒಳ್ಳೆ ಬಟ್ಟೆ ಹಾಕಿದೀಯ, ಆದರೆ ಓದು ಮಾತ್ರ ಸೊನ್ನೆ. ಸುತ್ತ ಇದ್ದವರು ನಕ್ಕರು. ಸೈ ಓನ್ ಅಲ್ಲಿಂದ ಎದ್ದು ಹೋಗಿ ಅತ್ತ.

ಮರುವರ್ಷದಿಂದ ಹಟ ಹಿಡಿದು ಓದಿದ. 21ಕ್ಕೆ ದುಭಾಷಿಯ ಹುದ್ದೆ ಸಿಕ್ಕಿತು, 25ಕ್ಕೆ ಕುಮೆಮುರಾದಲ್ಲಿ ಪಾಠ ಹೇಳುವವನಾದ. ಒಬ್ಬ ಮಲಅಣ್ಣ ಇದ್ದ, ಸೈ ಎನ್ ಅಂತ. ಅಪ್ಪನ ಎರಡನೇ ಹೆಂಡತಿಯ ಮಗ. ವಯಸ್ಸಿನಲ್ಲಿ ದೊಡ್ಡವನು ಅವನು, ಮನೆತನದ ವಾರಸುದಾರ ಮಾತ್ರ ಹಿರಿಯ ಹೆಂಡತಿಯ ಮಗನಾದ ಸೈ ಓನ್. ಇಂಥ ಮನೆಯಲ್ಲಿ ಓದಿನಲ್ಲಿ ಹಿಂದೆ ಬಿದ್ದರೆ ಎಷ್ಟು ಕಣ್ಣು ಕುಟುಕುತ್ತವೆ ಎಂದು ಊಹಿಸಬಹುದು.

ಚೀನಾದಲ್ಲಿ ಏನು ಕಲಿತ?

1708ರಲ್ಲಿ, ಹುಟ್ಟಿದ ವರ್ಷವನ್ನೇ ಒಂದು ಎಂದು ಎಣಿಸುವ ಅಲ್ಲಿನ ಲೆಕ್ಕದಲ್ಲಿ 27ನೇ ವಯಸ್ಸಿಗೆ, ಫೂಚೌ ಪಟ್ಟಣಕ್ಕೆ ಹೋದ. ಅಲ್ಲಿ ರ್ಯೂಕ್ಯೂದವರಿಗೆಂದೇ ಒಂದು ವಸತಿಗೃಹ ಇತ್ತು. ಕಪ್ಪ ಹೊತ್ತು ಬಂದವರು ತಂಗುವುದು, ಸರಕು ಮಾರುವುದು ಎಲ್ಲ ಅಲ್ಲೇ. ಅಲ್ಲಿ ಉಳಿದು ವ್ಯವಹಾರ ನೋಡಿಕೊಳ್ಳುವ ದುಭಾಷಿ ಇವನು. ಎರಡು ವರ್ಷ ಇದ್ದ.

ಊರ ಹೊರಗಿನ ಒಂದು ದೇವಾಲಯದಲ್ಲಿ ಒಬ್ಬ ಏಕಾಂತವಾಸಿಯ ಪರಿಚಯವಾಯಿತು. ಆ ಮನುಷ್ಯ ಕೇಳಿದ: ಇಷ್ಟು ವರ್ಷ ಏನು ಓದಿದೆ? ಇವನು ಹೆಮ್ಮೆಯಿಂದ ಕನ್ಫ್ಯೂಷಿಯಸ್‌ನ ಗ್ರಂಥಗಳನ್ನೆಲ್ಲ ಹೇಳಿದ. ಸರಿ, ಆ ಸಾಲುಗಳನ್ನು ಇಟ್ಟುಕೊಂಡು ರಾಜ್ಯ ಹೇಗೆ ನಡೆಸುತ್ತೀ? ಇವನ ಬಾಯಿ ಕಟ್ಟಿಹೋಯಿತು. ಹಾಗಾದರೆ ನೀನು ಕಲಿತದ್ದು ಅಕ್ಷರದ ಕುಶಲ ಕೆಲಸ ಅಷ್ಟೆ, ಬಡಗಿಯೂ ಅಕ್ಕಸಾಲಿಗನೂ ಮಾಡುವಂಥದ್ದು ಎಂದ ಆ ಏಕಾಂತವಾಸಿ. ಹುಣ್ಣಿಮೆಯ ರಾತ್ರಿ ಆದ ಅವಮಾನ ಓದದೆ ಇದ್ದುದಕ್ಕೆ. ಇಲ್ಲಿ ಓದಿದ್ದಕ್ಕೇ ಆಯಿತು. ಸೈ ಓನ್ ಅವನ ಬಳಿ ಹಲವು ತಿಂಗಳು ಕಲಿತ. ಅವನ ಮುಂದಿನ ಬದುಕನ್ನೆಲ್ಲ ಈ ಒಂದು ಪ್ರಶ್ನೆಯೇ ನಡೆಸಿತು ಅಂತ ನನಗೆ ಅನಿಸುತ್ತದೆ.

ಇದರ ಜೊತೆಗೆ ಫೆಂಗ್ ಶುಯಿಯನ್ನೂ ಕಲಿತ. ಈಗ ಅಂಗಡಿಯಲ್ಲಿ ಮಾರುವ ಗಂಟೆ, ಕಪ್ಪೆಗಳ ಫೆಂಗ್ ಶುಯಿ ಅಲ್ಲ. ಬೆಟ್ಟ ಎಲ್ಲಿ ತಿರುಗುತ್ತದೆ, ನೀರು ಎತ್ತ ಹರಿಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ ಜಾಗದ ಗುಣ ಹೇಳುವ ವಿದ್ಯೆ. ಮುಂದೆ ನದಿಗೂ ಕಾಡಿಗೂ ಅದು ಚೆನ್ನಾಗಿಯೇ ಬಳಕೆಯಾಯಿತು.

ರಾಜನ ಗುರು ಆದದ್ದು ಹೇಗೆ?

1710ರಲ್ಲಿ ವಾಪಸು ಬಂದಾಗ ರಾಜ್ಯ ಕಂಗಾಲಾಗಿತ್ತು. ಹಿಂದಿನ ವರ್ಷ, 1709ರಲ್ಲಿ, ಶೂರಿ ಅರಮನೆ ಸುಟ್ಟು ಬೂದಿಯಾಗಿತ್ತು. ಅದೇ ವರ್ಷ ಭೀಕರ ಬರ, ಮೂರು ಸಾವಿರಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತಿದ್ದರು. ಅರಮನೆ ಕಟ್ಟೋಣವೆಂದರೆ ಕಾಡಿನಲ್ಲಿ ಒಳ್ಳೆಯ ಮರವೇ ಇಲ್ಲ. ಕೊನೆಗೆ ಸತ್ಸುಮಾದವರು ಹತ್ತಿರ ಹತ್ತಿರ 20 ಸಾವಿರ ದಿಮ್ಮಿ ಕೊಟ್ಟರು, ಆಮೇಲೆ ಕಟ್ಟಡ ಎದ್ದಿತು. ತನ್ನ ರಾಜನ ಮನೆಗೆ ತೊಲೆ ಹೊಂದಿಸಲಾಗದ ರಾಜ್ಯ! ಅವನ ಅರಣ್ಯದ ಹುಚ್ಚಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

1711ರಲ್ಲಿ ಅವನನ್ನು ಎಳೆಯ ಯುವರಾಜ ಶೋ ಕೇಯ್‌ಗೆ ಪಾಠ ಹೇಳಲು ನೇಮಿಸಿದರು. ಎರಡು ವರ್ಷದಲ್ಲಿ ಆ ಹುಡುಗನೇ ರಾಜನಾದ. ಗುರುವಿಗೆ ಕೊಕುಶಿ ಎಂಬ ಹೊಸ ಹುದ್ದೆ ಬಂತು, ಅಂದರೆ ರಾಜ್ಯಕ್ಕೇ ಗುರು. ಆ ಹುದ್ದೆಯನ್ನು ಹುಟ್ಟಿಸಿದ್ದೇ ಇವನಿಗಾಗಿ. ಗುರು-ಶಿಷ್ಯರ ಈ ನಂಟು ರಾಜ ಸಾಯುವವರೆಗೂ ಕೆಡಲಿಲ್ಲ. ಮುಂದೆ ಸೈ ಓನ್‌ನ ಮಗನಿಗೆ ರಾಜನ ಮಗಳನ್ನೇ ಕೊಟ್ಟು ಮದುವೆ ಮಾಡಿದರು.

1719ರಲ್ಲಿ ಚೀನೀ ನಿಯೋಗದ ಜೊತೆ ಏನು ಗಲಾಟೆ?

ಇದು ಅವನ ನಿಜವಾದ ಪರೀಕ್ಷೆ. ಶೋ ಕೇಯ್‌ಗೆ ಪಟ್ಟದ ಮನ್ನಣೆ ಕೊಡಲು 1719ರಲ್ಲಿ ಚೀನಾದಿಂದ ಹಾಯ್ ಬಾವ್, ಶೂ ಬಾವ್‌ಗುವಾಂಗ್ ಎಂಬ ಇಬ್ಬರು ರಾಯಭಾರಿಗಳು ಬಂದರು. ಜೊತೆಗೆ ಸುಮಾರು 600 ಜನ. ಸೈನಿಕರು, ನಾವಿಕರು, ಅಡುಗೆಯವರು. ಇವರೆಲ್ಲ ಸುಮ್ನೆ ಬರುವುದಿಲ್ಲ. ಸಂಬಳದ ಬದಲಿಗೋ ಎಂಬಂತೆ ಪ್ರತಿಯೊಬ್ಬನೂ ಮಾರಲು ಸರಕು ತರುತ್ತಿದ್ದ. ಅದನ್ನೆಲ್ಲ ರ್ಯೂಕ್ಯೂ ಸರಕಾರವೇ ಕೊಳ್ಳಬೇಕು. ಅದು ವಾಡಿಕೆ.

ಈ ಸಲ ಬಂದ ಸರಕಿನ ಬೆಲೆ 2,000 ಕಾನ್ ಬೆಳ್ಳಿ. ಒಂದು ಕಾನ್ ಅಂದರೆ ಮೂರೂಮುಕ್ಕಾಲು ಕಿಲೋ. ಲೆಕ್ಕ ಹಾಕಿದರೆ ಏಳೂವರೆ ಟನ್ ಬೆಳ್ಳಿ. ಖಜಾನೆಯಲ್ಲಿ ತೆಗೆದಿಟ್ಟಿದ್ದದ್ದು 500 ಕಾನ್. ನಾವಿಕರು ಕೂಗಾಡಿದರು, ಬೆದರಿಸಿದರು. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ವಾಪಸು ಒಯ್ಯಬೇಕಾ?

ಹಣ ಸಾಲದು ಎಂದಾಗ ಸತ್ಸುಮಾದವರನ್ನು ಕೇಳಬಹುದಿತ್ತಲ್ಲ ಅಂದರೆ, ಸತ್ಸುಮಾ ಎಂಬುದೊಂದು ಇದೆ ಎಂದೇ ಚೀನೀಯರ ಮುಂದೆ ಬಾಯಿಬಿಡುವ ಹಾಗಿಲ್ಲ. ನಮ್ಮದು ಬಡ ರಾಜ್ಯ, ಇರುವುದೇ ಇಷ್ಟು ಎಂದು ಸೈ ಓನ್ ಮಾತುಕತೆಗೆ ಕೂತ. ಚೀನೀ ಭಾಷೆ, ಫೂಚೌನವರ ಸ್ವಭಾವ, ಅವರ ವ್ಯಾಪಾರದ ಪಟ್ಟು, ಎಲ್ಲ ಅವನಿಗೆ ಗೊತ್ತಿತ್ತು. ಆದರೂ ಬರೀ ಮಾತಿನಲ್ಲಿ ಮುಗಿಯಲಿಲ್ಲ. ಊರಿನವರಿಂದ ಕೂದಲ ಕಡ್ಡಿ, ತಾಮ್ರ-ತವರದ ಪಾತ್ರೆಪಗಡಿ ಎಲ್ಲ ಕಲೆಹಾಕಿದರು. ಅದರಿಂದ ಇನ್ನೂ 100 ಕಾನ್ ಹುಟ್ಟಿತು. 600 ಕಾನ್‌ಗೆ ವ್ಯವಹಾರ ಮುಗಿಯಿತು. ಉಳಿದ ಸರಕು ಬಂದ ದಾರಿಯಲ್ಲೇ ಹೋಯಿತು.

ಹೊರಗೆ ಹೀಗೆ ರಂಪ ನಡೆಯುತ್ತಿದ್ದ ಅದೇ ವರ್ಷ ಅರಮನೆಯ ಅಂಗಳದಲ್ಲಿ ಅದೇ ರಾಯಭಾರಿಗಳಿಗೆ ಹೊಸ ಬಗೆಯ ನೃತ್ಯನಾಟಕ ತೋರಿಸುತ್ತಿದ್ದರು. ತಮಾಗುಸುಕು ಚೋಕುನ್ ಎಂಬ ಅಧಿಕಾರಿ ಕಟ್ಟಿದ ಕುಮಿ ಓದೊರಿ ಎಂಬ ಆ ಕಲೆ ಇವತ್ತಿಗೂ ಓಕಿನಾವಾದ ಹೆಮ್ಮೆ. ಅತಿಥಿಗೆ ಎದುರಿನಲ್ಲಿ ಆಟ, ಹಿತ್ತಿಲಲ್ಲಿ ಚೌಕಾಸಿ.

ಮಂತ್ರಿ ಹುದ್ದೆ ಹುಟ್ಟಿನಿಂದ ಬರುತ್ತಿತ್ತಾ?

ಇಲ್ಲ, ಓಟಿನಿಂದ! ಸಾನ್‌ಶಿಕಾನ್ ಎಂಬ ಮೂವರು ಮಂತ್ರಿಗಳ ಕೂಟ ಆಡಳಿತ ನಡೆಸುತ್ತಿತ್ತು. ಅವರ ಮೇಲೆ ರಾಜಮನೆತನದ ಒಬ್ಬ ಪ್ರಧಾನಿ, ಹೆಚ್ಚಾಗಿ ಹೆಸರಿಗೆ ಮಾತ್ರ. ಮೂರರಲ್ಲಿ ಒಂದು ಜಾಗ ಖಾಲಿಯಾದರೆ ರಾಜಕುಮಾರರು, ಅಜಿಗಳು, ಮೇಲಿನ ದರ್ಜೆಯ ಅಧಿಕಾರಿಗಳು ಮತ ಹಾಕುತ್ತಿದ್ದರು. ಪ್ರಜಾಪ್ರಭುತ್ವ ಅಂತ ಖುಷಿಪಡಬೇಡಿ, ರೈತನಿಗೆ ಅದರಲ್ಲಿ ಏನೂ ಇರಲಿಲ್ಲ.

1728ರಲ್ಲಿ ಸೈ ಓನ್ ಗೆದ್ದ. ಸಾಮಾನ್ಯವಾಗಿ ಆ ಜಾಗ ಶೂರಿಯ ಹಳೇ ಮನೆತನಗಳಿಗೇ ಮೀಸಲು. ಕುಮೆಮುರಾದವನು ಅಲ್ಲಿಗೆ ಏರಿದ್ದು ತೀರಾ ಅಪರೂಪ. ಅವನಿಗಿಂತ ಮುಂಚೆ ಏರಿದ್ದ ಜಾನಾ ವೇಕಾತಾ 1609ರ ಸೋಲಿನ ನಂತರ ಸತ್ಸುಮಾಕ್ಕೆ ತಲೆಬಾಗುವ ಪತ್ರಕ್ಕೆ ಸಹಿ ಹಾಕಲು ಒಪ್ಪದೆ 1611ರಲ್ಲಿ ತಲೆ ಕಳೆದುಕೊಂಡಿದ್ದ. ಸೈ ಓನ್ ಆ ದಾರಿ ಹಿಡಿಯಲಿಲ್ಲ.

ಹಾಗಾದರೆ ಅವನು ಸತ್ಸುಮಾದ ಕೈಗೊಂಬೆಯಾ?

ತುಂಬಾ ಜನ ಹೀಗೆ ಕೇಳುತ್ತಾರೆ. ಕೇಳುವುದಕ್ಕೆ ಕಾರಣವೂ ಇದೆ. 1732ರಲ್ಲಿ ಪ್ರಜೆಗಳಿಗೆಲ್ಲ ಓದಿ ಹೇಳಲು ಗೊಕ್ಯೋಜೋ ಎಂಬ ಆದೇಶ ಹೊರಬಂತು. ಅಪ್ಪ-ಅಮ್ಮನನ್ನು ನೋಡಿಕೊಳ್ಳಿ, ದುಂದು ಮಾಡಬೇಡಿ, ಹೊಲ ಪಾಳು ಬಿಡಬೇಡಿ, ನಿಮ್ಮ ನಿಮ್ಮ ಕೆಲಸ ನೀವು ಮಾಡಿ ಎಂಬಂಥ ಬುದ್ಧಿಮಾತು. ಹಳ್ಳಿಗಳಲ್ಲಿ ಜನರನ್ನು ಸೇರಿಸಿ ಓದುತ್ತಿದ್ದರು. ಮುಂದೆ ಮಕ್ಕಳಿಗೆ ಅಕ್ಷರ ಕಲಿಸಲೂ ಅದನ್ನೇ ಬಳಸಿದರು. ಆ ಆದೇಶದ ಶುರುವಿನಲ್ಲೇ ಒಂದು ಮಾತು ಬರುತ್ತದೆ: ಮೊದಲು ನಮ್ಮಲ್ಲಿ ಸರಿಯಾದ ಆಡಳಿತ ಇರಲಿಲ್ಲ, ಸತ್ಸುಮಾದ ಕೆಳಗೆ ಬಂದ ಮೇಲೆ ಎಲ್ಲ ನೆಟ್ಟಗಾಯಿತು. ಓದಿದರೆ ಮೈ ಉರಿಯುತ್ತದೆ, ಅಲ್ವಾ?

ನನ್ನ ಅಭಿಪ್ರಾಯ ಇಷ್ಟು. ಸೋತು 120 ವರ್ಷ ಆಗಿತ್ತು. ಎದ್ದು ಹೊಡೆದಾಡುವ ಶಕ್ತಿ ಇರಲಿಲ್ಲ. ಸತ್ಸುಮಾದವರಿಗೆ ಬೇಕಾದ ಹೊಗಳಿಕೆಯನ್ನು ಕಾಗದದ ಮೇಲೆ ಕೊಟ್ಟ, ದಿನದಿನದ ಆಡಳಿತ ಮಾತ್ರ ಶೂರಿಯ ಕೈ ಬಿಟ್ಟು ಹೋಗದಂತೆ ನೋಡಿಕೊಂಡ. ಬರ ಬಂದಾಗ, ಅರಮನೆ ಸುಟ್ಟಾಗ ಇನ್ನೊಬ್ಬರ ಮುಂದೆ ಕೈಚಾಚುವ ಸ್ಥಿತಿ ಇರುವವರೆಗೂ ಸ್ವಾತಂತ್ರ್ಯದ ಮಾತು ಗಾಳಿಮಾತು ಎಂದು ಅವನಿಗೆ ಗೊತ್ತಿತ್ತು. ಆದರೆ ಎಲ್ಲರೂ ಇದನ್ನು ಒಪ್ಪಲಿಲ್ಲ.

1734ರ ಮರಣದಂಡನೆ ಏನದು?

ಹೆಶಿಕಿಯಾ ಚೋಬಿನ್ ಎಂಬ ಕವಿ, ಅವನ ಗೆಳೆಯ ತೊಮೊಯೊಸೆ ಆಂಜೋ, ಇಬ್ಬರೂ ಶೂರಿಯ ಕುಲೀನರು. ಅವರ ಗುಂಪು ನಾಹಾದಲ್ಲಿದ್ದ ಸತ್ಸುಮಾ ಅಧಿಕಾರಿಯ ಮನೆಗೆ ಪತ್ರ ಹಾಕಿತು. ಪತ್ರದ ಪ್ರತಿ ಉಳಿದಿಲ್ಲ. ಸೈ ಓನ್‌ನ ಆಡಳಿತದ ಮೇಲಿನ ದೂರು ಎಂದೇ ಸಾಮಾನ್ಯ ನಂಬಿಕೆ. 1734ರಲ್ಲಿ ಅಜಾ ಬಂದರಿನ ಬಳಿ 15 ಜನರನ್ನು ಕೊಂದರು. ಚೋಬಿನ್‌ಗೆ ಆಗ 35.

ಸೈ ಓನ್‌ನನ್ನು ಹೊಗಳುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಒಳಜಗಳವನ್ನು ಹೊರಗಿನ ಧಣಿಯ ಬಾಗಿಲಿಗೆ ಒಯ್ಯುವುದನ್ನು ಯಾವ ಮಂತ್ರಿಯೂ ಸಹಿಸುತ್ತಿರಲಿಲ್ಲ, ಸರಿ. ಆದರೆ ಒಂದು ಪತ್ರಕ್ಕೆ 15 ಜೀವ ಜಾಸ್ತಿಯೇ. ಅಲ್ಲಿಂದ ಮುಂದೆ ಅವನನ್ನು ಎದುರಿಸುವವರು ದರ್ಬಾರಿನಲ್ಲಿ ಕಾಣುವುದಿಲ್ಲ. ಅವನ ದೊಡ್ಡ ಕಾಮಗಾರಿಗಳೆಲ್ಲ ಶುರುವಾಗುವುದೂ ಇದರ ಮರುವರ್ಷದಿಂದಲೇ.

ಹನೆಜಿ ನದಿಯ ಕೆಲಸ ಅಷ್ಟು ಹೆಸರಾಗಿದ್ದು ಯಾಕೆ?

ಓಕಿನಾವಾ ದ್ವೀಪದ ಉತ್ತರದಲ್ಲಿ ಹನೆಜಿ ಎಂಬ ಬತ್ತದ ಬಯಲಿದೆ. 1735ರಲ್ಲಿ ಮಳೆಗೆ ನದಿ ಉಕ್ಕಿ ಗದ್ದೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಸೈ ಓನ್ ತಾನೇ ಹೊರಟ. ವಯಸ್ಸು 50 ದಾಟಿತ್ತು. ನೀರು ಎಲ್ಲಿ ಯಾವ ದಂಡೆಗೆ ಬಡಿಯುತ್ತದೆ ಎಂದು ನೋಡಿ, ಹರಿವಿಗೆ ಹೊಂದುವಂತೆ ಪಾತ್ರವನ್ನು ತಿರುಗಿಸಿ, ಒಡ್ಡು ಕಟ್ಟಿಸಿದ. ಕೂಲಿಯಾಳುಗಳ ಒಟ್ಟು ಲೆಕ್ಕ ಒಂದು ಲಕ್ಷ ಆಳು. ಮೂರು ತಿಂಗಳಲ್ಲಿ ಕೆಲಸ ಮುಗಿಯಿತು. 1744ರಲ್ಲಿ ಅಲ್ಲಿ ಕಲ್ಲುಶಾಸನ ನಿಲ್ಲಿಸಿದರು.

ಅದಕ್ಕೆ ಮುಂಚೆ 1734ರಲ್ಲೇ ಬೇಸಾಯದ ಕೈಪಿಡಿಯೊಂದನ್ನು ಹಳ್ಳಿಗಳಿಗೆ ಕಳಿಸಿದ್ದರು. ಮಣ್ಣು ಕೊಚ್ಚಿ ಹೋಗದಂತೆ ಬದು ಹಾಕುವುದು, ಗೊಬ್ಬರ ಮಾಡುವುದು, ಯಾವ ಕೆಲಸ ಯಾವಾಗ ಎಂಬೆಲ್ಲ ವಿವರ ಅದರಲ್ಲಿತ್ತು.

ಕಾಡಿನ ವಿಷಯಕ್ಕೆ ಅವನನ್ನು ಇಷ್ಟೊಂದು ನೆನೆಯುತ್ತಾರಲ್ಲ, ಏನು ಮಾಡಿದ?

ನನ್ನನ್ನು ಕೇಳಿದರೆ ಅವನ ಬದುಕಿನ ಒಳ್ಳೆಯ ಭಾಗ ಇದೇ. ಹನೆಜಿಯ ನಂತರ ಉತ್ತರದ ಕುನಿಗಾಮಿ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದ. ರಾಜ್ಯಕ್ಕೆ ನಾಟಾ ಬೇಕು. ಕಪ್ಪದ ಹಡಗು, ಅರಮನೆ, ಸೇತುವೆ, ಸಕ್ಕರೆ ಕಾಯಿಸಲು ಸೌದೆ, ಎಲ್ಲಕ್ಕೂ ಮರವೇ. ಕಡಿಯುವವರು ಎಲ್ಲರೂ, ನೆಡುವವರು ಯಾರೂ ಇಲ್ಲ.

1737ರಿಂದ 1751ರ ನಡುವೆ ಅವನ ಕಾಲದ ಸರಕಾರ ಕಾಡಿನ ಬಗ್ಗೆ ಏಳು ಕಡತ ಹೊರಡಿಸಿತು. ಮೊದಲನೆಯದು ಬೆಟ್ಟವನ್ನು ನೋಡುವುದು ಹೇಗೆ ಎಂದು ಕಲಿಸುತ್ತದೆ. ಒಳ್ಳೆಯ ಮರ ಬೆಳೆಯಬೇಕಾದರೆ ಬೆಟ್ಟದ ಸಾಲುಗಳು ಆ ಜಾಗವನ್ನು ನಾಲ್ಕೂ ಕಡೆಯಿಂದ ಅಪ್ಪಿಕೊಂಡಿರಬೇಕು. ಇದಕ್ಕೆ ಹೋಗೊ ಎಂದು ಹೆಸರು. ಒಂದು ಕಡೆ ಅಪ್ಪುಗೆ ಬಿಟ್ಟುಹೋದರೆ ಅಲ್ಲಿಂದ ಗಾಳಿ ನುಗ್ಗುತ್ತದೆ, ಕಾಡು ಒಳಗಿಂದ ಒಣಗುತ್ತದೆ. ಆದ್ದರಿಂದ ಅಂಚಿನ ಮರಗಳನ್ನು ಕಡಿಯಲೇಬಾರದು. ಬೆಟ್ಟವೇ ಇಲ್ಲದ ಕಡೆ ಮರಗಳ ಸಾಲನ್ನೇ ನೆಟ್ಟು ಅಪ್ಪುಗೆ ಮಾಡಿಕೊಳ್ಳಬೇಕು. ವರ್ಷಕ್ಕೆ ಹಲವು ಚಂಡಮಾರುತ ನೋಡುವ ದ್ವೀಪಕ್ಕೆ ಇದು ಎಂಥ ತಿಳಿವಳಿಕೆ ನೋಡಿ.

ಬೋಳು ಗುಡ್ಡದಲ್ಲಿ ಬೀಜ ಹಾಕುವ ವಿಧಾನವಂತೂ ಸೊಗಸು. ಆಳೆತ್ತರ ಹುಲ್ಲು ಬೆಳೆದ ಗುಡ್ಡ. ಹುಲ್ಲನ್ನು ಪೂರ್ತಿ ಸವರಬಾರದು. ಮಧ್ಯೆ ಮಧ್ಯೆ ಮೀನಿನ ಪೊರೆಯ ಆಕಾರದಲ್ಲಿ ಪಾತಿ ತೆರೆಯಬೇಕು. ಪಾತಿಯಲ್ಲಿ ಬೀಜ, ಸುತ್ತ ಹುಲ್ಲಿನ ಗೋಡೆ. ಸಸಿ ಎಳೆಯದಿರುವಾಗ ಹುಲ್ಲು ಗಾಳಿ ತಡೆಯುತ್ತದೆ. ಸಸಿ ಬಲಿತ ಮೇಲೆ ಹುಲ್ಲು ತೆಗೆದು ಅಲ್ಲಿಗೂ ಬೀಜ. ದುಡ್ಡು ಖರ್ಚಿಲ್ಲದ ಬೇಲಿ.

ನಿರ್ಬಂಧಗಳೂ ಬಂದವು. ಒಂದೇ ದೊಡ್ಡ ಮರ ಕೊರೆದು ಮಾಡುವ ದೋಣಿಗೆ ತಡೆ, ಹಲಗೆ ಜೋಡಿಸಿ ಮಾಡುವ ದೋಣಿಗೆ ಪ್ರೋತ್ಸಾಹ. ರೈತನ ಮನೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಮಿತಿ. ಹಳ್ಳಿಗಳಿಗೆ ಕಾಡಿನ ಭಾಗಗಳನ್ನು ಹಂಚಿ, ನೋಡಿಕೊಳ್ಳುವ ಹೊಣೆಯನ್ನೂ ಹೊರಿಸಿದರು. ಬಿಟ್ಟಿ ದುಡಿಮೆಯ ಭಾರ ಬಿದ್ದದ್ದು ರೈತನ ಬೆನ್ನ ಮೇಲೆ. ಕಾಡು ಉಳಿದ ಕಥೆಯನ್ನು ಹೇಳುವಾಗ ಇದನ್ನೂ ಹೇಳಬೇಕು.

ರಾಜ್ಯ ಹೋದ ಮೇಲೂ ಆ ಕಡತಗಳು ಹೋಗಲಿಲ್ಲ. 1879ರಲ್ಲಿ ಜಪಾನ್ ರ್ಯೂಕ್ಯೂವನ್ನು ನುಂಗಿ ಓಕಿನಾವಾ ಜಿಲ್ಲೆ ಮಾಡಿತು. ಆರೇ ವರ್ಷಕ್ಕೆ, 1885ರಲ್ಲಿ, ಹೊಸ ಆಡಳಿತವೇ ಆ ಏಳು ಕಡತಗಳಿಗೆ 1869ರ ಇನ್ನೊಂದನ್ನು ಸೇರಿಸಿ ರಿನ್ಸೇಯ್ ಹಸ್ಶೊ ಎಂಬ ಹೆಸರಿನಲ್ಲಿ ಒಟ್ಟುಮಾಡಿತು.

ಜಮೀನು ಮೋಜಣಿಯನ್ನೂ ಮಾಡಿಸಿದನಾ?

ಹೌದು, 1737ರಿಂದ 1750ರವರೆಗೆ. ಅದಕ್ಕೂ ಹಿಂದಿನ ದೊಡ್ಡ ಅಳತೆ 1609ರ ಸೋಲಿನ ಬೆನ್ನಿಗೇ ಸತ್ಸುಮಾದವರು ಮಾಡಿದ್ದು. ಈ ಸಲ ಅಳೆದವರು ರ್ಯೂಕ್ಯೂ ಅಧಿಕಾರಿಗಳೇ. ಅಲ್ಲಲ್ಲಿ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ಅಕ್ಷರ ಕೆತ್ತಿದ ಬಾಂದುಕಲ್ಲು ನೆಟ್ಟರು. ಯಾರಾದರೂ ಬದು ಒತ್ತಿದರೆ ಆ ಕಲ್ಲಿನಿಂದ ಮತ್ತೆ ಅಳೆಯಬಹುದು. ಓಕಿನಾವಾದ ಹೊಲಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಈ ಕಲ್ಲುಗಳು ಈಗಲೂ ಇವೆ.

ಕೆಲಸವಿಲ್ಲದ ಕುಲೀನರಿಗೆ ಏನು ಮಾಡಿದ?

ಕುಲೀನ ಮನೆತನಗಳು ಬೆಳೆಯುತ್ತಲೇ ಇದ್ದವು, ಹುದ್ದೆಗಳು ಅಷ್ಟೇ ಇದ್ದವು. ದರ್ಜೆ ಇದೆ, ಒಲೆಯಲ್ಲಿ ಬೆಂಕಿ ಇಲ್ಲ. ಮರಗೆಲಸ, ಕುಶಲಕೆಲಸ ಮಾಡಿದರೆ ತಪ್ಪಲ್ಲ ಎಂದು ಸರಕಾರ ಹೇಳಿತು, ಅಂಥವರಿಗೆ ತೆರಿಗೆಯನ್ನೂ ಬಿಟ್ಟಿತು. ಹಳ್ಳಿಗೆ ಹೋಗಿ ಗೇಣಿಗೆ ಹೊಲ ಮಾಡಲೂ ಬಿಟ್ಟಿತು. ಹಾಗೆ ಹೋದವರ ಕೇರಿಗಳಿಗೆ ಯಾದುಯಿ ಎಂದು ಹೆಸರು ಬಂತು. ಮಾನ ಹೋಗುತ್ತದೆ ಎಂದು ಮುಖ ಸಿಂಡರಿಸಿದವರು ಬೇಕಾದಷ್ಟು ಜನ ಇದ್ದಿರಬೇಕು.

ರಾಜಧಾನಿಯನ್ನು ನಾಗೊಗೆ ಸಾಗಿಸುವ ಯೋಜನೆ ಇತ್ತಂತೆ?

ಇತ್ತು. ಶೂರಿ ಬಿಟ್ಟು ಉತ್ತರದ ನಾಗೊಗೆ ಹೋಗೋಣ, ಮೊತೊಬು ಪರ್ಯಾಯ ದ್ವೀಪದ ಬುಡದಲ್ಲಿ ಕಾಲುವೆ ತೋಡಿ ಹಡಗು ದಾಟಿಸೋಣ ಎಂದು ಕೆಲವರು ಹೇಳುತ್ತಿದ್ದರು. ಸೈ ಓನ್ 1750ರಲ್ಲಿ ನಾಗೊದಲ್ಲಿ ಕಲ್ಲುಶಾಸನವೊಂದನ್ನು ನಿಲ್ಲಿಸಿ ಆ ಮಾತಿಗೆ ಪೂರ್ಣವಿರಾಮ ಹಾಕಿದ. ದ್ವೀಪದ ಬೆಟ್ಟಸಾಲು ಒಂದು ಡ್ರ್ಯಾಗನ್, ಉತ್ತರದಿಂದ ದಕ್ಷಿಣಕ್ಕೆ ಅದರ ನಾಡಿ ಹರಿಯುತ್ತದೆ, ಕಾಲುವೆ ತೋಡಿದರೆ ನಾಡಿ ಕಡಿದಂತೆ ಎಂಬುದು ಶಾಸನದ ವಾದ. ಅವನು ಇದನ್ನು ನಿಜವಾಗಿ ನಂಬಿದ್ದ ಎಂದೇ ನನಗನಿಸುತ್ತದೆ. ಆದರೆ ಆ ಕಾಲುವೆಯ ಖರ್ಚೂ ಅವನ ತಲೆಯಲ್ಲಿ ಇಲ್ಲದೆ ಇರಲಿಲ್ಲ.

ಅವನು ಕರಾಟೆ ಪಟುವಾ?

ಅಲ್ಲ. ಓಕಿನಾವಾ ಎಂದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ.

ಅವನು ಬರೆದದ್ದರಲ್ಲಿ ಮೊದಲು ಯಾವುದನ್ನು ಓದಬೇಕು?

ಹಿತೊರಿ ಮೊನೊಗತಾರಿ. 1750ರ ಸುಮಾರಿಗೆ ಬರೆದದ್ದು, ಚಿಕ್ಕದು. ಮುಂದಿನ ಆಡಳಿತಗಾರರಿಗೆ ಬಿಟ್ಟ ಲೆಕ್ಕಪತ್ರ ಎನ್ನಬಹುದು. ಹಿಂದೆ 70-80 ಸಾವಿರ ಇದ್ದ ಜನ ಈಗ 2 ಲಕ್ಷ ಆಗಿದ್ದಾರೆ, ಇಷ್ಟು ಬಾಯಿಗೆ ಅನ್ನ ಹೇಗೆ ಎಂದು ಎಣಿಸುತ್ತಾನೆ. ರಾಜ್ಯ ನಡೆಸುವುದು ಕೊಳೆತ ಹಗ್ಗ ಹಿಡಿದು ಕುದುರೆ ಓಡಿಸಿದ ಹಾಗೆ ಎಂಬ ಮಾತು ಬರುವುದೂ ಅಲ್ಲೇ. ಆಮೇಲೆ ಆತ್ಮಕಥೆ ಓದಿ. ಉಳಿದವು ನೀತಿಯ ಪುಸ್ತಕಗಳು, ಪುರುಸೊತ್ತಿದ್ದರೆ ಸಾಕು.

ನಿವೃತ್ತಿ ಯಾವಾಗ? ಕೊನೆಗಾಲ ಹೇಗಿತ್ತು?

ಶಿಷ್ಯ ಶೋ ಕೇಯ್ ತೀರಿಕೊಂಡ ಮೇಲೆ, 70 ದಾಟಿದ್ದ ಸೈ ಓನ್ ಹುದ್ದೆ ಬಿಟ್ಟ. ಆದರೂ ಪೂರ್ತಿ ಬಿಡುಗಡೆ ಸಿಗಲಿಲ್ಲ. 1756ರಲ್ಲಿ ಹೊಸ ರಾಜ ಶೋ ಬೊಕುವಿಗೆ ಪಟ್ಟದ ಮನ್ನಣೆ ಕೊಡಲು ಮತ್ತೆ ಚೀನೀ ನಿಯೋಗ ಬಂತು. ಆಗಲೂ ಮುದುಕನ ಸಲಹೆ ಬೇಕಾಯಿತು. ಅವನು ಸತ್ತದ್ದು ಚಾಂದ್ರಮಾನದ 1761ನೇ ವರ್ಷದ ಕೊನೆಯಲ್ಲಿ. ಈಗಿನ ಕ್ಯಾಲೆಂಡರಿನಲ್ಲಿ ಅದು 1762ರ ಜನವರಿ. ಕೆಲವು ಪುಸ್ತಕಗಳಲ್ಲಿ 1761, ಕೆಲವುದರಲ್ಲಿ 1762 ಎಂದಿರುವುದು ಇದಕ್ಕೇ. ಅಲ್ಲಿನ ಲೆಕ್ಕದಲ್ಲಿ 80 ತುಂಬಿತ್ತು.

ಓಕಿನಾವಾಕ್ಕೆ ಹೋದರೆ ಅವನ ಗುರುತು ಎಲ್ಲಿ ನೋಡಬಹುದು?

ನಾಹಾದಲ್ಲೇ ಶುರು ಮಾಡಿ. ಮೊನೊರೈಲಿನ ಮಕಿಶಿ ನಿಲ್ದಾಣದ ಹತ್ತಿರ ಸೈ ಓನ್ ಸೇತುವೆ, ಪಕ್ಕದಲ್ಲೇ 2011ರಲ್ಲಿ ತೆರೆದ ಸೈ ಓನ್ ಸ್ಕ್ವೇರ್ ಎಂಬ ಅಂಗಡಿ ಸಂಕೀರ್ಣ. ಅಲ್ಲಿ ನೋಡಲು ಹೆಸರೊಂದೇ. ಶೂರಿ ಅರಮನೆ 1945ರ ಯುದ್ಧದಲ್ಲಿ ನಾಶವಾಗಿ, 1992ರಲ್ಲಿ ಮತ್ತೆ ಎದ್ದು, 2019ರ ಅಕ್ಟೋಬರ್‌ನಲ್ಲಿ ಮತ್ತೆ ಸುಟ್ಟುಹೋಯಿತು.

ಸಮಯ ಕಡಿಮೆ ಇದ್ದರೆ ನೇರ ನಾಗೊಗೆ ಹೋಗಿ. ಪೇಟೆಯ ರಸ್ತೆ ಮಧ್ಯದಲ್ಲೇ ಒಂದು ಭಾರಿ ಆಲದ ಜಾತಿಯ ಮರವಿದೆ, ಹಿಂಪುನ್ ಗಾಜುಮಾರು ಅಂತ. ಹಿಂಪುನ್ ಎಂದರೆ ಓಕಿನಾವಾದ ಮನೆಗಳ ಮುಂದೆ ಇರುವ ಮರೆಗೋಡೆ. 1750ರ ಆ ಶಾಸನ ಮರೆಗೋಡೆಯ ಹಾಗೆ ನಿಂತಿತ್ತೆಂದು ಜನ ಅದಕ್ಕೆ ಆ ಹೆಸರಿಟ್ಟರು, ಅದು ಮರಕ್ಕೂ ಅಂಟಿತು. ಯುದ್ಧದಲ್ಲಿ ಶಾಸನ ಒಡೆದಿತ್ತು, ಆಮೇಲೆ ಮತ್ತೆ ನಿಲ್ಲಿಸಿದ್ದಾರೆ.

ಅಲ್ಲಿಂದ ನಕಿಜಿನ್ ದೂರವಿಲ್ಲ. ಹಳೇ ಕುದುರೆ ಮೈದಾನದ ಪಕ್ಕ ಸೈ ಓನ್ ಪೈನ್ ಎಂದು ಕರೆಯುವ ಮರಗಳ ಸಾಲು ಇದೆ. ಇನ್ನೂ ಉತ್ತರಕ್ಕೆ ಹೋದರೆ ಅವನು ಸುತ್ತಿದ ಕುನಿಗಾಮಿಯ ಕಾಡು. ಈಗ ಅದನ್ನು ಯಾನ್‌ಬಾರು ಎನ್ನುತ್ತಾರೆ. 2016ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಹೋಗೊ ಹೇಗಿರುತ್ತದೆ ಎಂದು ಕಣ್ಣಾರೆ ನೋಡುವ ಆಸೆ ಇದ್ದರೆ ಮಿಯಾಕೊ ಕಡೆಯ ತರಾಮಾ ದ್ವೀಪಕ್ಕೆ ಹೋಗಬೇಕು. ಚಪ್ಪಟೆ ದ್ವೀಪ, ಬೆಟ್ಟದ ಆಸರೆ ಇಲ್ಲ. ಹಳ್ಳಿಯ ಸುತ್ತ ನೆಟ್ಟ ಮರದ ಸಾಲು ಅಲ್ಲಿ ಇನ್ನೂ ಗಾಳಿ ತಡೆಯುತ್ತಿದೆ. ಚಂಡಮಾರುತದ ತಿಂಗಳುಗಳಲ್ಲಿ ಮಾತ್ರ ಹೋಗಬೇಡಿ, ವಿಮಾನ, ದೋಣಿ ಎರಡೂ ನಿಂತುಬಿಡುತ್ತವೆ.